ಸಾಕುಪ್ರಾಣಿಗಳೂ ದವಾಖಾನೆಯ ಆಯ್ಕೆಯೂ

ಕಲಾ ವಿಭಾಗದಲ್ಲಿ ಚರಿತ್ರೆಯನ್ನೂ ಕನ್ನಡವನ್ನೂ ಓದುತ್ತಿರುವ ವಿದ್ಯಾರ್ಥಿಯೊಬ್ಬನು ಪಶುವೈದ್ಯದ ವಿಷಯವಾಗಿ ಲೇಖನಿ ಹಿಡಿಯುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ರೋಗಗಳ ಚಿಕಿತ್ಸೆಯನ್ನು ಬೋಧಿಸುವುದು ನನ್ನ ಉದ್ದೇಶವಲ್ಲ. ಅದು ವೈದ್ಯರ ಕೆಲಸ. ಮನೆಯಲ್ಲಿ ನಾಯಿಯನ್ನೋ ಬೆಕ್ಕನ್ನೋ ಸಾಕಿಕೊಂಡಿರುವ ಸಾಮಾನ್ಯ ಗೃಹಸ್ಥನು ಅದರ ವರ್ಷಾವಧಿಯ ಆರೈಕೆಗಾಗಿ ಯಾವ ದವಾಖಾನೆಗೆ ಹೋಗಬೇಕು, ಹೋದಲ್ಲಿ ಏನನ್ನು ನೋಡಬೇಕು, ಏನನ್ನು ಕೇಳಬೇಕು ಎಂಬುದು ಮಾತ್ರ ನಾವೇ ಬಿಡಿಸಿಕೊಳ್ಳಬೇಕಾದ ಪ್ರಶ್ನೆ. ಈ ಪ್ರಶ್ನೆಯು ನನಗೆ ಎದುರಾದದ್ದು ಪುಸ್ತಕದಲ್ಲಲ್ಲ, ನಮ್ಮ ಮನೆಯ ಅಂಗಳದಲ್ಲಿ. ಆದುದರಿಂದ ಮೊದಲು ಆ ಸಂಗತಿಯನ್ನೇ ಹೇಳಿಬಿಡುತ್ತೇನೆ.

ಬ್ಯಾಡಗಿ ತಾಲೂಕಿನ ನಮ್ಮ ಹಳ್ಳಿಯ ಮನೆಯಲ್ಲಿ ಮೋತಿ ಎಂಬ ನಾಯಿಯಿದೆ. ಮೆಣಸಿನಕಾಯಿ ಒಣಗಲು ಹಾಕಿದ ಕಣದಲ್ಲಿ ರಾತ್ರಿ ಕಾವಲಿರುವುದು ಅದರ ಕೆಲಸ. ಕಳೆದ ವರ್ಷ ಒಂದು ಸಂಜೆ ನನ್ನ ತಂಗಿಯು ಅದರ ಮುಂದಿದ್ದ ರೊಟ್ಟಿಯ ತಟ್ಟೆಯನ್ನು ಸರಿಸಲು ಹೋದಾಗ ಅದು ಅವಳ ಕೈಗೆ ಬಾಯಿ ಹಾಕಿತು. ರಕ್ತ ಬಂದಿತು. ಅಜ್ಜಿಯು ಅರಿಸಿನ ತರಲು ಒಳಗೆ ಹೋದಳು. ತಂಗಿಯು ಅಳುತ್ತಲೇ, ಶಾಲೆಯಲ್ಲಿ ಕಲಿಸಿದ್ದನ್ನು ನೆನೆದು, ನಲ್ಲಿಯ ಕೆಳಗೆ ಕೈಯಿಟ್ಟು ಸಾಬೂನಿನಿಂದ ತೊಳೆಯತೊಡಗಿದಳು. ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ಹಾಗೆ ತೊಳೆಯುವುದೇ ನಾಯಿಕಡಿತದ ಮೊದಲ ಚಿಕಿತ್ಸೆಯೆಂದು ನಮ್ಮ ಮನೆಯಲ್ಲಿ ತಿಳಿದಿದ್ದವಳು ಅವಳೊಬ್ಬಳೇ.

ಆಸ್ಪತ್ರೆಯಲ್ಲಿ ವೈದ್ಯರು ತಡಮಾಡದೆ ಚಿಕಿತ್ಸೆಗೆ ತೊಡಗಿದರು. ಜೊತೆಯಲ್ಲಿಯೇ ತಂದೆಯವರನ್ನು ಕೇಳಿದರು: “ನಾಯಿಗೆ ರೇಬೀಸ್ ಲಸಿಕೆ ಆಗಿದೆಯೆ?” ಆಗಿದೆಯೆಂದು ತಂದೆಯವರು ಹೇಳಿದರು. “ಯಾವಾಗ? ಕಾರ್ಡು ಎಲ್ಲಿ?” ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಹಿಂದೊಮ್ಮೆ ಮೋಟಾರು ಸೈಕಲ್ಲಿನ ಮೇಲೆ ಚೀಲ ಹಾಕಿಕೊಂಡು ಬಂದವನೊಬ್ಬನು ಓಣಿಯ ನಾಯಿಗಳಿಗೆಲ್ಲ ಸೂಜಿ ಮಾಡಿ ಹಣ ತೆಗೆದುಕೊಂಡು ಹೋಗಿದ್ದನು. ಅವನು ಯಾರು, ಸೂಜಿಯಲ್ಲಿದ್ದದ್ದು ಯಾವ ಔಷಧ, ಅದು ಯಾವ ತಾರೀಖು—ಒಂದೂ ನಮಗೆ ಗೊತ್ತಿರಲಿಲ್ಲ. ಕಾರ್ಡು ಇದ್ದರೂ ಇಲ್ಲದಿದ್ದರೂ ಕಡಿತಕ್ಕೆ ಚಿಕಿತ್ಸೆ ತಪ್ಪದೆಂದೂ, ಆದರೆ ದಾಖಲೆಯಿಲ್ಲದ ಲಸಿಕೆಯನ್ನು ಆಗಿಲ್ಲವೆಂದೇ ಎಣಿಸಬೇಕೆಂದೂ ಹೇಳಿ, ನಾಯಿಯನ್ನು ಹತ್ತು ದಿನ ಕಟ್ಟಿಹಾಕಿ ನೋಡುತ್ತಿರಲು ವೈದ್ಯರು ತಿಳಿಸಿದರು. ಕಚ್ಚುವ ವೇಳೆಗೆ ನಾಯಿಯ ಜೊಲ್ಲಿನಲ್ಲಿ ರೇಬೀಸಿನ ವಿಷಾಣು ಇದ್ದಿದ್ದರೆ ಆ ಅವಧಿಯೊಳಗಾಗಿ ನಾಯಿಯು ರೋಗಲಕ್ಷಣ ತೋರಿ ಸಾಯುತ್ತದೆ.

ಆ ಹತ್ತು ದಿನ ನನ್ನ ತಾಯಿಯು ಬೆಳಗಿನಲ್ಲಿ ಎದ್ದೊಡನೆ ಬೇವಿನ ಮರದ ಬಳಿಗೆ ಹೋಗಿ, ಮೋತಿ ನೀರು ಕುಡಿಯುತ್ತದೆಯೋ ಇಲ್ಲವೋ ಎಂದು ನೋಡಿ ಬಂದು, ಅನಂತರ ಒಲೆ ಹೊತ್ತಿಸುತ್ತಿದ್ದಳು. ಹನ್ನೊಂದನೆಯ ದಿನ ಮೋತಿ ಎಂದಿನಂತೆ ಬಾಲ ಅಲ್ಲಾಡಿಸಿತು. ತಂಗಿ ಕ್ಷೇಮವಾಗಿದ್ದಾಳೆ. ಆದರೆ ಸರಿಯಾದ ಕಡೆಗೆ ಹೋಗಿ ಒಂದು ಲಸಿಕೆ ಹಾಕಿಸಿ ಕಾರ್ಡು ತಂದಿದ್ದರೆ ಆ ಭಯದ ಬಹುಭಾಗ ನಮಗೆ ಬರುತ್ತಿರಲಿಲ್ಲ. ದವಾಖಾನೆಯ ಆಯ್ಕೆಯು ಅಲ್ಪ ವಿಷಯವಲ್ಲವೆಂದು ನಾನು ತಿಳಿದದ್ದು ಹೀಗೆ.

ಇನ್ನು ಪೂರ್ವೇತಿಹಾಸವನ್ನು ಸ್ವಲ್ಪ ನೋಡೋಣ. ನಮ್ಮ ಕಡೆ ಪಶುವೈದ್ಯ ಶಾಲೆಗೆ ‘ದನದ ದವಾಖಾನೆ’ ಎಂದೇ ಹೆಸರು. ಈ ಹೆಸರಿನಲ್ಲಿ ಚರಿತ್ರೆಯಿದೆ. ಒಕ್ಕಲುತನದ ನಾಡಿನಲ್ಲಿ ಎತ್ತು ಸತ್ತರೆ ಮನೆ ಮುರಿದಂತೆ. ಆದುದರಿಂದ ವೈದ್ಯವು ಮೊದಲು ದನದ ಕಡೆಗೆ ತಿರುಗಿದುದು ಸಹಜ. ೧೨ನೆಯ ಶತಮಾನದಲ್ಲಿ ಚಾಲುಕ್ಯ ರಾಜವಂಶದ ಕೀರ್ತಿವರ್ಮನು ಕನ್ನಡದಲ್ಲಿ ‘ಗೋವೈದ್ಯ’ವೆಂಬ ಗ್ರಂಥವನ್ನು ರಚಿಸಿದನು. ಯುರೋಪಿನಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ೧೭೬೧ರಲ್ಲಿ ಮೊದಲ ಪಶುವೈದ್ಯ ವಿದ್ಯಾಲಯವು ಸ್ಥಾಪಿತವಾದುದಕ್ಕೂ ದನಗಳನ್ನು ಹಿಂಡುಹಿಂಡಾಗಿ ಕೊಲ್ಲುತ್ತಿದ್ದ ದೊಡ್ಡರೋಗವು ಒಂದು ಮುಖ್ಯ ಕಾರಣ. ೧೯೫೬ರ ಏಕೀಕರಣಕ್ಕೆ ಮುಂಚೆ ನಮ್ಮ ಭಾಗವು ಸೇರಿದ್ದ ಮುಂಬಯಿ ಪ್ರಾಂತ್ಯದಲ್ಲಿ ೧೮೮೬ರಲ್ಲಿ ಪಶುವೈದ್ಯ ಕಾಲೇಜು ಆರಂಭವಾಯಿತು. ಬೆಂಗಳೂರಿನ ಹೆಬ್ಬಾಳದ ಕಾಲೇಜು ೧೯೫೮ರದು. ಆ ದೊಡ್ಡರೋಗವು ೨೦೧೧ರಲ್ಲಿ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಮನುಷ್ಯರ ಸಿಡುಬಿನ ತರುವಾಯ ಭೂಮಿಯಿಂದ ಅಳಿಸಿಹೋದ ಎರಡನೆಯ ರೋಗವಿದು. ಹಳ್ಳಿಹಳ್ಳಿಗೆ ತಿರುಗಿ ಲಸಿಕೆ ಹಾಕಿದ ದನದ ದವಾಖಾನೆಗಳ ಪರಿಶ್ರಮ ಈ ಯಶಸ್ಸಿನಲ್ಲಿದೆಯೆಂಬುದನ್ನು ನಾವು ಮರೆಯಬಾರದು.

ನಾಯಿಯ ಪಾಲಿಗೆ ಈ ಚರಿತ್ರೆಯಲ್ಲಿ ದೊರೆತ ಸ್ಥಳ ಸಣ್ಣದು. ನಮ್ಮ ಜನರಿಗೆ ನಾಯಿಯ ಮೇಲೆ ಪ್ರೀತಿಯಿಲ್ಲವೆಂದಲ್ಲ. ರಾಣೇಬೆನ್ನೂರು ತಾಲೂಕಿನ ದೇವರಗುಡ್ಡದ ಮಾಲತೇಶನ ಒಕ್ಕಲಿನವರಿಗೆ ನಾಯಿಯು ದೇವರ ಪರಿವಾರಕ್ಕೆ ಸೇರಿದ್ದು. ಧರ್ಮರಾಯನೊಡನೆ ಕಡೆಯವರೆಗೆ ನಡೆದದ್ದು ನಾಯಿಯೆಂಬ ಕಥೆಯನ್ನು ಕೇಳದವರಿಲ್ಲ. ಹಾಗಿದ್ದರೂ ಎತ್ತಿಗೆ ಜ್ವರ ಬಂದರೆ ಅದೇ ರಾತ್ರಿ ವೈದ್ಯರ ಮನೆಗೆ ಓಡುವ ನಾವು, ನಾಯಿ ಮೂರು ದಿನ ಕೂಳು ಬಿಟ್ಟರೂ ‘ಹುಲ್ಲು ತಿಂದು ತಾನೇ ನೆಟ್ಟಗಾಗುತ್ತದೆ’ ಎನ್ನುತ್ತೇವೆ.

ಈಗ ಪ್ರಕೃತ ವಿಷಯಕ್ಕೆ ಬರೋಣ. ದವಾಖಾನೆಯನ್ನು ಆರಿಸಬೇಕಾದರೆ ಅಲ್ಲಿ ನಮಗೆ ಬೇಕಾದ ಕೆಲಸವೇನೆಂಬುದು ಮೊದಲು ತಿಳಿದಿರಬೇಕು. ಆರೋಗ್ಯವಾಗಿರುವ ನಾಯಿಗೆ ವರ್ಷದಲ್ಲಿ ಬೇಕಾಗುವ ಆರೈಕೆ ಹೆಚ್ಚಿನದಲ್ಲ. ಮರಿಗೆ ಆರರಿಂದ ಎಂಟು ವಾರಗಳಾದಾಗ ಪಾರ್ವೊ, ಡಿಸ್ಟೆಂಪರ್ ಮೊದಲಾದ ರೋಗಗಳ ಲಸಿಕೆಯನ್ನು ಆರಂಭಿಸಿ, ಸುಮಾರು ಹದಿನಾರು ವಾರಗಳಾಗುವವರೆಗೆ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ಅದನ್ನು ಪುನಃ ಹಾಕಿಸಬೇಕು. ತಾಯಿಯ ಹಾಲಿನಿಂದ ಬಂದ ರಕ್ಷಣೆಯು ಮರಿಯಲ್ಲಿ ಇನ್ನೂ ಉಳಿದಿದ್ದರೆ ಮೊದಲಿನ ಲಸಿಕೆಯು ನಾಟದೆ ಹೋಗಬಹುದು. ಪುನಃ ಹಾಕುವುದಕ್ಕೆ ಕಾರಣವಿದು. ರೇಬೀಸ್ ಲಸಿಕೆಯು ಮೂರು ತಿಂಗಳಿಗೆ. ಅನಂತರ ವೈದ್ಯರು ಹೇಳಿದಂತೆ, ನಮ್ಮ ದೇಶದಲ್ಲಿ ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ಮರಿಗೆ ಹೊಟ್ಟೆಯ ಜಂತಿನ ಔಷಧವನ್ನು ಮೇಲಿಂದ ಮೇಲೆ, ದೊಡ್ಡ ನಾಯಿಗೆ ಸುಮಾರು ಮೂರು ತಿಂಗಳಿಗೊಮ್ಮೆ ಕೊಡಬೇಕು. ಉಣ್ಣೆಗಳು ರಕ್ತ ಹೀರುವುದಲ್ಲದೆ ಜ್ವರವನ್ನೂ ಹರಡುವುದರಿಂದ ಅವುಗಳ ನಿವಾರಣೆ ಅವಶ್ಯ. ಮರಿಗಳು ಬೇಡವಾದವರು ತಕ್ಕ ವಯಸ್ಸಿನಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕು. ಬೇಡವಾದ ಮರಿಗಳನ್ನು ಸಂತೆಯಲ್ಲಿ ಬಿಟ್ಟು ಬರುವುದಕ್ಕಿಂತ ಇದು ಎಷ್ಟೋ ದಯೆಯ ಕೆಲಸ. ಬೆಕ್ಕಿಗೂ ಅದರದೇ ಲಸಿಕೆಗಳಿವೆ. ರೇಬೀಸ್ ಲಸಿಕೆಯಂತೂ ಬೇಕೇ ಬೇಕು.

ಈ ಕೆಲಸಗಳಿಗೆ ದೊಡ್ಡ ಯಂತ್ರಗಳು ಬೇಕಿಲ್ಲ. ಅರಿತ ಕೈ, ಶುಚಿಯಾದ ಮೇಜು, ಸರಿಯಾದ ಶೀತಪೆಟ್ಟಿಗೆ ಬೇಕು. ಹೀಗಿರಲು ಸಾಮಾನ್ಯ ಆರೈಕೆಗೆ ಹತ್ತಿರದ ದವಾಖಾನೆಯೇ ಲೇಸು. ಆದರೆ ಹತ್ತಿರದಲ್ಲಿದೆಯೆಂಬುದೊಂದೇ ಸಾಲದು. ನಾನು ವಿಚಾರಿಸಿ ತಿಳಿದ ಮಟ್ಟಿಗೆ ಪರೀಕ್ಷಿಸಬೇಕಾದ ಸಂಗತಿಗಳು ಇವು.

ಒಂದನೆಯದು, ವೈದ್ಯರ ಅರ್ಹತೆ. ೧೯೮೪ರ ಭಾರತೀಯ ಪಶುವೈದ್ಯ ಪರಿಷತ್ತಿನ ಕಾಯಿದೆಯ ಪ್ರಕಾರ ಪಶುವೈದ್ಯ ಪದವಿ ಪಡೆದು ಪರಿಷತ್ತಿನ ಪಟ್ಟಿಯಲ್ಲಿ ಹೆಸರು ನೋಂದಾಯಿಸಿಕೊಂಡವರೇ ವೈದ್ಯವೃತ್ತಿಗೆ ಅಧಿಕಾರಿಗಳು. ಡಿಪ್ಲೊಮಾ ಪಡೆದ ಸಹಾಯಕರು ಸಣ್ಣಪುಟ್ಟ ಕೆಲಸಗಳನ್ನು ಮಾಡಬಹುದಾದರೂ ನೋಂದಾಯಿತ ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಮಾಡಬೇಕು. ಆದುದರಿಂದ ಫಲಕದ ಮೇಲೆ ಪದವಿಯೂ ನೋಂದಣಿಯ ಸಂಖ್ಯೆಯೂ ಇವೆಯೆ ಎಂದು ನೋಡುವುದು ಅವಿಶ್ವಾಸವಲ್ಲ. ಚೀಲ ಹಾಕಿಕೊಂಡು ಬಂದವನನ್ನು ನಾವು ಇದೊಂದು ಪ್ರಶ್ನೆ ಕೇಳಿದ್ದರೆ ಅವನು ಮುಂದಿನ ಓಣಿಗೆ ಹೋಗುತ್ತಿದ್ದನು.

ಎರಡನೆಯದು, ಲಸಿಕೆಯ ಸಂಗ್ರಹ. ಲಸಿಕೆಯನ್ನು ತಯಾರಾದ ಕಡೆಯಿಂದ ಸೂಜಿಗೆ ಏರುವವರೆಗೂ ೨ರಿಂದ ೮ ಡಿಗ್ರಿ ಸೆಲ್ಸಿಯಸ್ ಶೈತ್ಯದಲ್ಲಿ ಇಡಬೇಕು. ನಮ್ಮ ಚೈತ್ರ ವೈಶಾಖಗಳ ಬಿಸಿಲಿನಲ್ಲಿ ಚೀಲದಲ್ಲಿಯೋ ಅಂಗಡಿಯ ಕಪಾಟಿನಲ್ಲಿಯೋ ಇಟ್ಟ ಲಸಿಕೆಯು ನೋಡಲು ಲಸಿಕೆಯಂತೆಯೇ ಇದ್ದು ಗುಣ ಕಳೆದುಕೊಂಡಿರಬಹುದು. ಶೀತಪೆಟ್ಟಿಗೆಯಿಂದ ಶೀಶೆಯನ್ನು ನಮ್ಮ ಎದುರಿಗೇ ತೆಗೆದು, ಹೆಸರನ್ನೂ ಅವಧಿಯನ್ನೂ ತೋರಿಸಿ, ಅದರ ಚೀಟಿಯನ್ನು ಕಾರ್ಡಿಗೆ ಅಂಟಿಸಿ, ತಾರೀಖು ಬರೆದು ರುಜು ಮಾಡುವ ವೈದ್ಯರಲ್ಲಿಗೆ ನಿಶ್ಚಿಂತೆಯಿಂದ ಹೋಗಬಹುದು.

ಮೂರನೆಯದು, ಪರೀಕ್ಷೆಯ ಕ್ರಮ. ಔಷಧದ ಪ್ರಮಾಣವು ಪ್ರಾಣಿಯ ತೂಕವನ್ನು ಅವಲಂಬಿಸಿರುವುದರಿಂದ ತೂಗದೆ ಔಷಧ ಕೊಡುವುದು ಅಂದಾಜಿನ ಮಾತಾಗುತ್ತದೆ. ನಾಯಿಯ ಸಹಜವಾದ ಮೈಶಾಖವು ಸುಮಾರು ೧೦೧ರಿಂದ ೧೦೨.೫ ಡಿಗ್ರಿ ಫ್ಯಾರನ್‌ಹೀಟ್; ನಮ್ಮ ಮೈಗಿಂತ ಹೆಚ್ಚು. ಮುಟ್ಟಿ ನೋಡಿ ‘ಜ್ವರ ಬಂದಿದೆ’ ಎನ್ನುವವರು ಹಲವರು. ಶಾಖಮಾಪಕವಿಟ್ಟು ನೋಡಿ ಹೇಳುವವರೇ ವೈದ್ಯರು. ಲಸಿಕೆ ಹಾಕುವ ಮುನ್ನವೂ ಪ್ರಾಣಿ ಆರೋಗ್ಯವಾಗಿದೆಯೆ ಎಂದು ಕಣ್ಣು, ಒಸಡು, ಎದೆ, ಚರ್ಮಗಳನ್ನು ಪರೀಕ್ಷಿಸಬೇಕು.

ನಾಲ್ಕನೆಯದು, ಶುಚಿತ್ವ. ಪಾರ್ವೊ ರೋಗವು ಪ್ರಪಂಚಕ್ಕೆ ತಿಳಿದುಬಂದದ್ದು ೧೯೭೮ರ ಸುಮಾರಿಗೆ. ಅದರ ವಿಷಾಣುವು ನೆಲದ ಮೇಲೆ ತಿಂಗಳುಗಟ್ಟಲೆ ಬದುಕಿರಬಲ್ಲದು. ರೋಗಿಯಾದ ಮರಿಯು ವಾಂತಿ ಮಾಡಿದ ಸ್ಥಳದಲ್ಲಿ ಆರೋಗ್ಯವಂತ ಮರಿಯನ್ನು ಬಿಟ್ಟರೆ, ಲಸಿಕೆಗೆಂದು ಹೋದವರು ರೋಗವನ್ನು ತಂದಂತಾಗುತ್ತದೆ. ಒಂದು ಪ್ರಾಣಿಯನ್ನು ಇಳಿಸಿದ ಮೇಲೆ ಮೇಜನ್ನು ಕ್ರಿಮಿನಾಶಕದಿಂದ ಒರೆಸುತ್ತಾರೆಯೆ, ಪ್ರತಿಯೊಂದಕ್ಕೂ ಹೊಸ ಸೂಜಿ ತೆಗೆಯುತ್ತಾರೆಯೆ ಎಂಬುದನ್ನು ಐದು ನಿಮಿಷ ಕುಳಿತು ನೋಡಿದರೆ ತಿಳಿಯುತ್ತದೆ. ಲಸಿಕೆಗಳು ಪೂರ್ಣವಾಗದ ಮರಿಯನ್ನು ನಾವಾದರೂ ನೆಲಕ್ಕೆ ಬಿಡದೆ ಬುಟ್ಟಿಯಲ್ಲಿಯೋ ತೊಡೆಯ ಮೇಲೆಯೋ ಇಟ್ಟುಕೊಳ್ಳಬೇಕು.

ಐದನೆಯದು, ವೈದ್ಯರ ಮಾತು. ರೋಗವೇನೆಂದು ತಿಳಿಯುವಂತೆ ಹೇಳಿ, ಔಷಧದ ಹೆಸರನ್ನು ಬರೆದುಕೊಟ್ಟು, ತಗಲುವ ವೆಚ್ಚವನ್ನು ಮೊದಲೇ ತಿಳಿಸಿ, ಕೈಮೀರಿದುದನ್ನು ‘ಇದು ನನ್ನಲ್ಲಿ ಆಗದು, ದೊಡ್ಡ ಆಸ್ಪತ್ರೆಗೆ ಒಯ್ಯಿರಿ’ ಎಂದು ಸಕಾಲದಲ್ಲಿ ಹೇಳುವುದು ಒಳ್ಳೆಯ ವೈದ್ಯನ ಲಕ್ಷಣ. ಬಂದ ಪ್ರಾಣಿಗೆಲ್ಲ ಕಾರಣ ಹೇಳದೆ ಒಂದೇ ಬಗೆಯ ಸೂಜಿ ಹಾಕುವ ಕಡೆಯಲ್ಲಿ ಎಚ್ಚರವಿರಬೇಕು. ರಾತ್ರಿಯ ವೇಳೆಯಲ್ಲಿ ಆಪತ್ತು ಒದಗಿದರೆ ಯಾರನ್ನು ಕಾಣಬೇಕೆಂಬುದನ್ನೂ ಮೊದಲ ದಿನವೇ ಕೇಳಿಟ್ಟುಕೊಳ್ಳುವುದು ಜಾಣತನ.

ಸರಕಾರಿ ದವಾಖಾನೆಯೋ ಖಾಸಗಿಯೋ ಎಂಬ ಪ್ರಶ್ನೆಯೂ ಬರುತ್ತದೆ. ಧಾರವಾಡದಿಂದ ಬೇರ್ಪಟ್ಟು ೧೯೯೭ರಲ್ಲಿ ಹಾವೇರಿ ಜಿಲ್ಲೆಯಾದ ಮೇಲೆ ಜಿಲ್ಲೆಯ ಪಶು ಇಲಾಖೆಯೂ ಇಲ್ಲಿಗೇ ಬಂದಿತು. ತಾಲೂಕಿಗೆ ಪಶು ಆಸ್ಪತ್ರೆಯೂ, ಅದರ ಕೆಳಗೆ ಪಶು ಚಿಕಿತ್ಸಾಲಯಗಳೂ, ಹಳ್ಳಿಗಳಲ್ಲಿ ಪ್ರಾಥಮಿಕ ಕೇಂದ್ರಗಳೂ ಇರುವುದು ಇಲಾಖೆಯ ಏರ್ಪಾಡು. ಅಲ್ಲಿಯ ವೈದ್ಯರು ಪದವೀಧರರು, ನೋಂದಾಯಿತರು, ವೆಚ್ಚವೂ ಕಡಿಮೆ. ಆದರೆ ಅವರ ಮುಖ್ಯ ಕರ್ತವ್ಯವು ದನಕರುಗಳದು. ಕಾಲುಬಾಯಿ ಬೇನೆಯ ಲಸಿಕೆಯ ದಿನಗಳಲ್ಲಿ ಅವರು ಹಳ್ಳಿಗಳ ಮೇಲೆ ಇರುತ್ತಾರೆ. ೧೯೬೨ ಎಂಬ ಸಂಖ್ಯೆಗೆ ಕರೆ ಮಾಡಿದರೆ ಬರುವ ಸಂಚಾರಿ ಚಿಕಿತ್ಸಾಲಯವೂ ಮುಖ್ಯವಾಗಿ ರೈತರ ಜಾನುವಾರುಗಳಿಗಾಗಿ ಏರ್ಪಟ್ಟದ್ದು. ಆದಕಾರಣ ನಾಯಿಗಳನ್ನು ಯಾವ ವೇಳೆಗೆ ನೋಡುತ್ತಾರೆ, ಬೇಕಾದ ಲಸಿಕೆ ಇದೆಯೆ ಎಂದು ವಿಚಾರಿಸಿಕೊಂಡು ಹೋಗಬೇಕು. ಖಾಸಗಿ ಕ್ಲಿನಿಕ್ಕಿನಲ್ಲಿ ಸಂಜೆಯ ಅನುಕೂಲವೂ ನಾಯಿ ಬೆಕ್ಕುಗಳ ವಿಶೇಷ ಅಭ್ಯಾಸವೂ ಇರಬಹುದು, ವೆಚ್ಚ ಹೆಚ್ಚು. ಎರಡನ್ನೂ ಮೇಲಿನ ಐದು ಪ್ರಶ್ನೆಗಳಿಂದಲೇ ಅಳೆಯಬೇಕಲ್ಲದೆ ಕಟ್ಟಡದ ಅಂದಚಂದದಿಂದಲ್ಲ.

ನನ್ನ ಅಭಿಪ್ರಾಯದಲ್ಲಿ ಪ್ರತಿಯೊಂದು ಮನೆಯವರೂ ಎರಡು ಸ್ಥಳಗಳನ್ನು ಗೊತ್ತುಮಾಡಿಕೊಂಡಿರಬೇಕು. ಲಸಿಕೆ, ಜಂತಿನ ಔಷಧ, ಸಣ್ಣ ಗಾಯಗಳಿಗೆ ಊರಿನ ಸಮೀಪದ ದವಾಖಾನೆ. ಮುರಿದ ಎಲುಬು, ಕಷ್ಟಪ್ರಸವ, ದೀರ್ಘರೋಗಗಳಿಗೆ ದೂರದ ದೊಡ್ಡ ಆಸ್ಪತ್ರೆ. ಶಿಗ್ಗಾಂವಿ, ಹಾವೇರಿಗಳವರಿಗೆ ಹುಬ್ಬಳ್ಳಿಯೂ ರಾಣೇಬೆನ್ನೂರಿನವರಿಗೆ ದಾವಣಗೆರೆಯೂ ದಾರಿ. ಗದಗ ಮತ್ತು ಶಿವಮೊಗ್ಗಗಳಲ್ಲಿ ಪಶುವೈದ್ಯ ಮಹಾವಿದ್ಯಾಲಯಗಳಿರುವುದು ನಮ್ಮ ಜಿಲ್ಲೆಗೆ ಒಂದು ಅನುಕೂಲ.

ದವಾಖಾನೆ ಎಷ್ಟು ಒಳ್ಳೆಯದಿದ್ದರೂ ನಮ್ಮ ಕರ್ತವ್ಯ ತಪ್ಪುವುದಿಲ್ಲ. ಮನೆಯಲ್ಲಿ ಉಳಿದ ಮನುಷ್ಯರ ಗುಳಿಗೆಗಳನ್ನು ಪ್ರಾಣಿಗಳಿಗೆ ಕೊಡುವುದು ನಮ್ಮಲ್ಲಿ ರೂಢಿಯಾಗಿದೆ. ನಾವು ತಲೆನೋವಿಗೆ ನುಂಗುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಒಂದು ಗುಳಿಗೆಯೂ ಅದನ್ನು ಕೊಲ್ಲಬಹುದು. ಔಷಧದ ಅವಿವೇಕವು ಎಲ್ಲಿಯವರೆಗೆ ಮುಟ್ಟಬಲ್ಲದೆಂಬುದಕ್ಕೆ ಹದ್ದುಗಳ ನಿದರ್ಶನವಿದೆ. ದನಗಳಿಗೆ ನೋವಿನ ಔಷಧವಾಗಿ ಕೊಡುತ್ತಿದ್ದ ಡೈಕ್ಲೊಫೆನಾಕ್, ಸತ್ತ ದನದ ಮಾಂಸದ ಮೂಲಕ ರಣಹದ್ದುಗಳ ಹೊಟ್ಟೆ ಸೇರಿ, ಅವುಗಳ ಮೂತ್ರಪಿಂಡಗಳನ್ನು ಕೆಡಿಸಿ, ದೇಶದಲ್ಲೆಲ್ಲ ಅವುಗಳ ಸಂತತಿಯನ್ನು ಅಳಿವಿನಂಚಿಗೆ ತಂದಿತು. ಪಶುಗಳಿಗೆ ಅದರ ಬಳಕೆಯನ್ನು ೨೦೦೬ರಲ್ಲಿ ನಿಷೇಧಿಸಬೇಕಾಯಿತು.

ನಾಯಿಯ ಲಸಿಕೆಯೂ ಹಾಗೆಯೇ ಮನೆಯ ಅಂಗಳಕ್ಕೆ ಮಾತ್ರ ಸೇರಿದ ವಿಷಯವಲ್ಲ. ೨೦೧೮ರಲ್ಲಿ ಗುಜರಾತಿನ ಗೀರ್ ಅರಣ್ಯದಲ್ಲಿ ಸಿಂಹಗಳು ಸಾಲಾಗಿ ಸತ್ತಾಗ ಅವುಗಳಲ್ಲಿ ಡಿಸ್ಟೆಂಪರ್ ವಿಷಾಣುವು ಕಂಡುಬಂದಿತು. ನಮ್ಮ ಮಗ್ಗುಲಲ್ಲಿಯೇ ೧೯೭೪ರಲ್ಲಿ ಸ್ಥಾಪಿತವಾದ ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವಿದೆ. ಅದರ ಅಂಚಿನ ಹಳ್ಳಿಗಳ ನಾಯಿಗಳು ಕುರುಚಲು ಕಾಡಿನೊಳಗೆ ಅಲೆಯುತ್ತವೆ. ಆ ರೋಗವು ನಾಯಿಯ ಜಾತಿಗೇ ಸೇರಿದ ತೋಳ ನರಿಗಳಿಗೂ ತಗಲುವಂಥದು. ಕುರಿಹಟ್ಟಿಯ ನಾಯಿಗೆ ಹಾಕಿಸಿದ ಲಸಿಕೆಯಿಂದ ಕಾಡಿಗೂ ಉಪಕಾರವಾಗುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ರೇಬೀಸ್ ಇದೆ. ೧೮೮೫ರಲ್ಲಿ ಲೂಯಿ ಪಾಶ್ಚರನು ಹುಚ್ಚುನಾಯಿ ಕಚ್ಚಿದ ಬಾಲಕನೊಬ್ಬನಿಗೆ ತನ್ನ ಲಸಿಕೆಯನ್ನು ಹಾಕಿ ಬದುಕಿಸಿದನು. ದಕ್ಷಿಣ ಭಾರತದಲ್ಲಿ ಕೂನೂರಿನ ಪಾಶ್ಚರ್ ಸಂಸ್ಥೆಯು ೧೯೦೭ರಲ್ಲಿಯೇ ಆರಂಭವಾಯಿತು. ಅಷ್ಟು ಹಿಂದೆಯೇ ಮದ್ದು ದೊರೆತರೂ, ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕಿದವರು ಇಂದಿಗೂ ಅತಿ ವಿರಳ. ಮನುಷ್ಯರಿಗೆ ಬರುವ ಈ ರೋಗದ ನೂರಕ್ಕೆ ತೊಂಬತ್ತೊಂಬತ್ತರಷ್ಟು ಪ್ರಸಂಗಗಳು ನಾಯಿಗಳಿಂದಲೇ ಬರುತ್ತವೆ. ೨೦೩೦ರೊಳಗಾಗಿ ನಾಯಿಗಳ ಮೂಲಕ ಬರುವ ರೇಬೀಸ್ ಮರಣಗಳನ್ನು ಇಲ್ಲದಂತೆ ಮಾಡಬೇಕೆಂಬುದು ದೇಶದ ಗುರಿ. ಆ ಗುರಿಯು ನೆರವೇರಬೇಕಾದರೆ ಮನೆಮನೆಯ ಗೂಟದಲ್ಲಿರುವ ನಾಯಿಯಿಂದ ಆರಂಭವಾಗಬೇಕು.

ಆ ಹತ್ತು ದಿನಗಳು ಕಳೆದ ಮೇಲೆ ತಂದೆಯವರೂ ನಾನೂ ಮೋತಿಯನ್ನು ಟಂಟಂ ಗಾಡಿಯಲ್ಲಿ ಕೂರಿಸಿಕೊಂಡು ತಾಲೂಕಿನ ಪಶು ಆಸ್ಪತ್ರೆಗೆ ಹೋದೆವು. ಅಲ್ಲಿಯ ವೈದ್ಯರು ಎಮ್ಮೆಯೊಂದರ ಶುಶ್ರೂಷೆ ಮುಗಿಸಿ, ಕೈ ತೊಳೆದು ಬಂದು, ಮೋತಿಯನ್ನು ತೂಗಿ, ಬಾಯಿ ಕಣ್ಣು ನೋಡಿ, ಶೀಶೆಯನ್ನು ತೋರಿಸಿ ಲಸಿಕೆ ಹಾಕಿದರು. ಹಳದಿ ಬಣ್ಣದ ಕಾರ್ಡಿನ ಮೇಲೆ ತಾರೀಖು ಬರೆದು, ಮುಂದಿನ ವರ್ಷದ ತಾರೀಖನ್ನೂ ಬರೆದರು. ಎಲ್ಲವೂ ಹತ್ತು ನಿಮಿಷದಲ್ಲಿ ಮುಗಿಯಿತು. ಮೊದಲೇಕೆ ಬರಲಿಲ್ಲವೆಂದು ಅವರು ಕೇಳಿದಾಗ ತಂದೆಯವರು, “ಇದು ದನದ ದವಾಖಾನಿ ಅಂತ ತಿಳಿದಿದ್ದೆವ್ರೀ” ಎಂದರು.

ಆ ಕಾರ್ಡು ಈಗ ನಮ್ಮ ಮನೆಯಲ್ಲಿ ಪಡಿತರ ಚೀಟಿಯ ಜೊತೆಗೆ ಒಂದೇ ಡಬ್ಬಿಯಲ್ಲಿದೆ. ಈ ಲೇಖನವನ್ನು ಓದಿದ ಸಹಪಾಠಿಗಳು ರಜೆಯಲ್ಲಿ ಊರಿಗೆ ಹೋದಾಗ ಮನೆಯಲ್ಲಿ ಅಂಥದೊಂದು ಕಾರ್ಡು ಇದೆಯೆ ಎಂದು ಹುಡುಕಿ ನೋಡಬೇಕೆಂದೂ, ಇಲ್ಲದಿದ್ದರೆ ನಾಯಿಯನ್ನು ಕರೆದುಕೊಂಡು ಹೋಗಬೇಕೆಂದೂ ನನ್ನ ವಿನಂತಿ.